ವಡ ಬಂತು, ಚಕ್ಕುಲಿ ಬರಲಿಲ್ಲ

ಮೂರು ರಾತ್ರಿ ನಿದ್ದೆ ಕೆಡಿಸಿದ್ದ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಗ್ಗಂಟು ನಿನ್ನೆ ಹನ್ನೊಂದೂವರೆಗೆ ಬಿಚ್ಚಿಕೊಂಡಿತು. ಖುಷಿ ಆರುವ ಮೊದಲೇ ಬರೆದಿಡುತ್ತಿದ್ದೇನೆ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಧಾರವಾಡದ ಮೌಶಿ ಇದ್ದಾರೆ. ಅವರ ಕುರುಕಲು ತಿಂಡಿಗೆ ಸೊಸೈಟಿಯ ಮೂರೂ ವಿಂಗ್‌ಗಳ ಕನ್ನಡದವರಿಂದ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬರುತ್ತದೆ. ಮೆಸೇಜನ್ನು ಹಾಗೇ ಪೇಸ್ಟ್ ಮಾಡಿದರೆ ತಿಂಡಿಯ ಹೆಸರು ಒಂದು ಲಿಸ್ಟಿಗೆ, ಪ್ರಮಾಣ ಇನ್ನೊಂದು ಲಿಸ್ಟಿಗೆ ಹೋಗಬೇಕು. ಇನ್‌ಪುಟ್ (ಸಾಲು ಓದುವುದು), ಸ್ಪ್ಲಿಟ್ (ಪದಗಳಾಗಿ ಒಡೆಯುವುದು), ಅಪೆಂಡ್ (ಲಿಸ್ಟಿಗೆ ಸೇರಿಸುವುದು) ನಿಮಗೆಲ್ಲ ಗೊತ್ತಿದ್ದದ್ದೇ, ಬಿಡುತ್ತೇನೆ. ಒಂದು ಮಾತು ಮಾತ್ರ: ‘ಹೆಸರು = ಲೆಕ್ಕ = []’ ಎಂದು ಬರೆದರೆ ಎರಡು ಲಿಸ್ಟ್ ಆಗುವುದಿಲ್ಲ, ಒಂದೇ ಲಿಸ್ಟಿಗೆ ಎರಡು ಹೆಸರು ಬೀಳುತ್ತದೆ. ಮೊದಲ ಸಂಜೆ ಅದಕ್ಕೇ ಹೋಯಿತು.

ಎರಡನೆಯ ಸಂಜೆ ಕೊಟ್ಟ ಸಾಲು ಇದು: ‘ಚಕ್ಕುಲಿ 2 ಕೋಡುಬಳೆ ೧ ವಡ 20’. ಪದ ಇಸ್‌ಆಲ್ಫಾ (ಎಲ್ಲವೂ ಅಕ್ಷರವೇ?) ಆದರೆ ಹೆಸರಿಗೆ, ಇಸ್‌ಡಿಜಿಟ್ (ಎಲ್ಲವೂ ಅಂಕಿಯೇ?) ಆದರೆ ಲೆಕ್ಕಕ್ಕೆ. ಲೆಕ್ಕದ ಲಿಸ್ಟಿನಲ್ಲಿ ಮೂರೂ ಬಂದವು. ಕನ್ನಡದ ೧ ಕೂಡ ಬಂತು. ಬರಹವನ್ನು ಸಂಖ್ಯೆಯಾಗಿಸುವ ಪೈಥಾನ್ 3ರ ಇಂಟ್ ನಮ್ಮ ಅಂಕಿಗಳನ್ನು ತಾನಾಗಿಯೇ ಓದುತ್ತದೆ, ಅದನ್ನು ಕಂಡು ಮನಸ್ಸು ತುಂಬಿತು. ಹೆಸರಿನ ಲಿಸ್ಟಿನಲ್ಲಿ ಮಾತ್ರ ಒಂದೇ ಒಂದು ಪದ: ವಡ.

ಮೌಶಿ ಹೆಗಲ ಮೇಲಿಂದ ಇಣುಕಿ, “ಬರೇ ವಡಾ ಅಷ್ಟ ಬಂದಾವಲ್ಲೋ ತಮ್ಮಾ, ನನ್ನ ಚಕ್ಕಲಿ ಎಲ್ಲೆ ಹೋದೂವು?” ಅಂದರು.

ಮುಂಬೈಯ ಪ್ರೋಗ್ರಾಮು, ವಡಕ್ಕೆ ಮಾತ್ರ ಪಾಸು ಕೊಟ್ಟಿದೆ ಎಂದು ನಕ್ಕೆವು. ಆದರೆ ಉತ್ತರ ಆ ‘ವಡ’ದಲ್ಲೇ ಇತ್ತು. ‘ವಡೆ’ ಎಂದು ಬದಲಿಸಿದೆ, ಅದೂ ಮಾಯ! ಆಗ ಚಕ್ಕುಲಿಯನ್ನು ಬಿಡಿಸಿ ಹರಡಿದೆ: ಚ, ಕ, ್, ಕ, ು, ಲ, ಿ. ನಮ್ಮ ಕಣ್ಣಿಗೆ ಮೂರು ಅಕ್ಷರ, ಉದ್ದ ಎಣಿಸುವ ಲೆನ್ ಹೇಳುವುದು ಏಳು. ಪ್ರತಿ ಚಿಹ್ನೆಯ ಜಾತಿ ಹೇಳುವ ಯೂನಿಕೋಡ್‌ಡೇಟಾದ ಕೆಟಗರಿ ಕೇಳಿದರೆ ಅದರಲ್ಲಿ ನಾಲ್ಕು ಮಾತ್ರ ಅಕ್ಷರ, ಉಳಿದ ಮೂರು ‘ಮಾರ್ಕ್’. ಒಂದು ಮಾರ್ಕ್ ಸೇರಿದರೂ ಇಸ್‌ಆಲ್ಫಾ ಸುಳ್ಳು ಅನ್ನುತ್ತದೆ. ಕೊಂಬಿಲ್ಲದ, ಗುಡಿಸಿಲ್ಲದ, ಒತ್ತಿಲ್ಲದ ಪದವಷ್ಟೇ ಅದರ ಪಾಲಿಗೆ ಪದ. ಅದೇ ಚಕ್ಕುಲಿ ಇಸ್‌ಐಡೆಂಟಿಫೈಯರ್ ಪರೀಕ್ಷೆಯಲ್ಲಿ ನಿಜ! ವೇರಿಯಬಲ್ಲಿನ ಹೆಸರಾಗಬಹುದು, ಅಕ್ಷರಗಳಿಂದಾದ ಪದ ಆಗಬಾರದು. ಇದು ನನಗೆ ನಿಜಕ್ಕೂ ನೋವಿನ ವಿಷಯ. ಕಾಗುಣಿತವಿಲ್ಲದೆ ನಮ್ಮ ಭಾಷೆ ಎಲ್ಲಿದೆ?

ಪ್ಯಾಟರ್ನ್ ಕೊಟ್ಟು ಬರಹದಲ್ಲಿ ಹುಡುಕುವ ರೆಜೆಕ್ಸಿಗೆ ಓಡಿದೆ. ಅದರ ಆರ್‌ಇ ಮಾಡ್ಯೂಲಿನಲ್ಲಿ ಪದದ ಚಿಹ್ನೆ ಹುಡುಕುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂಗೂ ಅದೇ ಕಾಯಿಲೆ, ಚಕ್ಕುಲಿಯನ್ನು ‘ಚಕ’, ‘ಕ’, ‘ಲ’ ಎಂದು ಮುರಿದು ಕೈಗಿಟ್ಟಿತು.

ನಿನ್ನೆ ಹೊಳೆದದ್ದು ಇಷ್ಟು: ಪದ ಯಾವುದು ಎಂದು ಕೇಳುವುದನ್ನೇ ಬಿಡಬೇಕು, ಅಂಕಿ ಯಾವುದು ಎಂದಷ್ಟೇ ಕೇಳಬೇಕು. ಅಂಕಿಯ ವಿಷಯದಲ್ಲಿ ಪೈಥಾನ್ ತಪ್ಪುವುದಿಲ್ಲ, ಅಂಕಿ ಹುಡುಕುವ ಬ್ಯಾಕ್‌ಸ್ಲ್ಯಾಶ್ ಡಿಗೆ ಕನ್ನಡದ ಅಂಕಿಯೂ ಸಿಗುತ್ತದೆ. ಆರ್‌ಇ ಸ್ಪ್ಲಿಟ್‌ಗೆ ಅಂಕಿಗಳ ಪ್ಯಾಟರ್ನನ್ನು ಆವರಣ ಚಿಹ್ನೆಯೊಳಗೆ ಕೊಟ್ಟರೆ ಕತ್ತರಿಸಿದ ಅಂಕಿಗಳೂ ಲಿಸ್ಟಿನಲ್ಲೇ ಉಳಿಯುತ್ತವೆ. ಆಮೇಲೆ ಒಂದು ಬಿಟ್ಟು ಒಂದು ಆರಿಸಿದರೆ [0::2] ಹೆಸರು, [1::2] ಪ್ರಮಾಣ. ಕೊನೆಯಲ್ಲಿ ಒಂದು ಖಾಲಿ ಸ್ಟ್ರಿಂಗ್ ಉಳಿಯುತ್ತದೆ, ಎರಡು ಲಿಸ್ಟನ್ನೂ ಜೋಡಿ ಜೋಡಿಯಾಗಿ ಜಿಪ್ ಮಾಡಿದರೆ ತಾನೇ ಉದುರುತ್ತದೆ. ‘ಬಟಾಟ ವಡ’ದಂಥ ಎರಡು ಪದದ ಹೆಸರೂ ಒಡೆಯದೆ ಬಂತು.

‘ಚಕ್ಕುಲಿ 2 ಕೆಜಿ ಕೋಡುಬಳೆ 1’ ಎಂದು ಬರೆದವರಿಂದ ಇನ್ನೊಂದು ಪೆಟ್ಟು. ಕೆಜಿ ಮುಂದಿನ ಹೆಸರಿನ ತಲೆಗೆ ಅಂಟಿಕೊಂಡಿತು. ಎಡಗಡೆಯಿಂದ ಕತ್ತರಿಸುವ ಎಲ್‌ಸ್ಟ್ರಿಪ್‌ಗೆ ‘ಕೆಜಿ’ಯ ಜೊತೆ ಒಂದು ಸ್ಪೇಸನ್ನೂ ಸೇರಿಸಿ ಕೊಟ್ಟೆ. ಅದು ಪದವನ್ನಲ್ಲ, ಬಿಡಿ ಚಿಹ್ನೆಗಳನ್ನು ಕೀಳುವಂಥದ್ದು. ಕೋಡುಬಳೆಯ ಕ ಕೂಡ ಹೋಗಿ, ಪರದೆಯ ಮೇಲೆ ಚುಕ್ಕಿಗಳ ಉಂಗುರಕ್ಕೆ ಓತ್ವ ಜೋತುಬಿದ್ದು, ಹಿಂದೆ ‘ಡುಬಳೆ’ ನಿಂತಿತ್ತು. ಪೈಥಾನ್ 3.9ರಲ್ಲಿ ಬಂದ ರಿಮೂವ್‌ಪ್ರಿಫಿಕ್ಸ್ ಹಾಕಿ. ಅದು ಪೂರ್ತಿ ಪದ ಸಿಕ್ಕರೆ ಮಾತ್ರ ತೆಗೆಯುತ್ತದೆ.

ಈ ಎರಡು ಲಿಸ್ಟ್ ನನಗೆ ಬೇಕಿರುವುದು ಮುಂದಿನ ಕೆಲಸಕ್ಕೆ: ಪ್ರತಿ ಡಬ್ಬಿಗೂ ಕನ್ನಡದಲ್ಲೇ ಚೀಟಿ. ಅದಕ್ಕೆಂದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ 58 ಮಿ.ಮೀ. ಥರ್ಮಲ್ ಪ್ರಿಂಟರ್ ತಂದೆ. ಎಲ್ಲ ಭಾಷೆಯೂ ಬರುತ್ತದೆ ಎಂದು ಅಂಗಡಿಯವನು ಆಣೆ ಮಾಡಿ ಕೊಟ್ಟಿದ್ದ. ‘ಚಕ್ಕುಲಿ’ ಕಳಿಸಿದರೆ ಸಾಲುಗಟ್ಟಿ ಪ್ರಶ್ನಾರ್ಥಕ ಚಿಹ್ನೆ ಬಂತು. ವಾಪಸು ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ. ಇರಲಿ, ಹೆಸರನ್ನು ಚಿತ್ರವಾಗಿ ಬರೆದು ಕಳಿಸಿದರಾಯಿತು. ಚಿತ್ರ ಬರೆಯುವ ಪಿಲ್ಲೋ ಲೈಬ್ರರಿಯಲ್ಲಿ, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ ಲೇಔಟ್ ಇರಲೇಬೇಕು, ಇಲ್ಲದಿದ್ದರೆ ಒತ್ತು ಕೆಳಗೆ ಕೂರುವುದಿಲ್ಲ.

ಅದಕ್ಕೂ ಮೊದಲು ಇವತ್ತಿನ ಗಂಟು. ‘ಅವಲಕ್ಕಿ ಅರ್ಧ ಕೆಜಿ’ ಎಂದು ಬಂತು, ಅಂಕಿಯೇ ಇಲ್ಲ! ಅರ್ಧ, ಮುಕ್ಕಾಲು, ಒಂದೂವರೆ ಎಲ್ಲ ಡಿಕ್ಷನರಿಯಲ್ಲಿ ಹಾಕಿದೆ, ಸ್ಪ್ಲಿಟ್ ಮಾಡುವ ಮೊದಲೇ ರಿಪ್ಲೇಸ್; ಪ್ಯಾಟರ್ನಿಗೂ ದಶಾಂಶ ಕಲಿಸಿದೆ. ಮೌಶಿ, “ಪಾವ್ ಕಿಲೋನೂ ಹಾಕಪಾ, ಇಲ್ಲೆ ಎಲ್ಲಾರೂ ಹಂಗ ಅಂತಾರ” ಅಂದರು. ಪಾವ್ ಅಂದರೆ 0.25, ಹಾಕಿದೆ.

ಈಗ ಬಿ ವಿಂಗ್‌ನಿಂದ ‘ವಡಾ ಪಾವ್ 30’ ಬಂದಿದೆ. ಪ್ರೋಗ್ರಾಮು ವಡಾ ಕಾಲು ಕಿಲೋ ಎಂದು ಬರೆದುಕೊಂಡು, ಹೆಸರಿಲ್ಲದ ಏನನ್ನೋ 30 ಕೊಡಿ ಅನ್ನುತ್ತಿದೆ. ಪಾವ್ ಆದ ಮೇಲೆ ಕಿಲೋ ಬಂದರೆ ಮಾತ್ರ ಬದಲಿಸುವ ಹಾಗೆ ಮಾಡಿ ನೋಡುತ್ತೇನೆ, ಊಟ ಮುಗಿಸಿ ಕೂರಬೇಕು.