ಬಿಲ್ದದ ನೋಡದ ಬಲೆ

ನಾನು ಬೆಳಿಗ್ಗೆ ಪ್ರಾರ್ಥನೆಗೆ ಕೂರೋ ಕಿಟಕಿ ಹೊರಗೆ ಒಂದು ಜೇಡ ಸೇರ್ಕೊಂಡಿದೆ. ಮೊನ್ನೆ ಸತ್ಯವೇದ ತೊಡೆ ಮೇಲಿಟ್ಟು ಓದಿದ್ದಕ್ಕಿಂತ ಅದನ್ನ ನೋಡಿದ್ದೇ ಜಾಸ್ತಿ, ಕರ್ತನು ಕ್ಷಮಿಸಲಿ. ಮೊದಲು ಸುತ್ತಲೂ ಚೌಕಟ್ಟು ಕಟ್ತು, ಆಮೇಲೆ ನಡುವಿಂದ ಗಾಡಿ ಚಕ್ರದ ಕಡ್ಡಿ ಥರ ಎಳೆಗಳು, ಅದಾದ್ಮೇಲೆ ಅಂಟೇ ಇಲ್ಲದ ಒಂದು ಸುರುಳಿ, ಅದು ಬರೀ ತಾನು ಓಡಾಡೋಕೆ. ಕೊನೆಗೆ ಹೊರಗಿಂದ ಒಳಕ್ಕೆ ಅಂಟಿನ ಎಳೆ ಸುತ್ತುತ್ತಾ ಬಂತು, ಬರ್ತಾ ಬರ್ತಾ ಆ ಹಳೇ ಸುರುಳಿನ ಕಿತ್ಕೊಂಡೇ ಬಂತು, ಮನೆ ಕಟ್ಟಿ ಮುಗಿದ್ಮೇಲೆ ಸಾರುವೆ ಬಿಚ್ತಾರಲ್ಲ ಹಾಗೆ.

ಅವತ್ತು ಓದ್ಬೇಕಿದ್ದ ಭಾಗ ಸತ್ಯವೇದದ ಯೋಬನ ಪುಸ್ತಕ, 8ನೇ ಅಧ್ಯಾಯ. ಅದ್ರಲ್ಲಿ ಯೋಬನ ಸ್ನೇಹಿತ ಬಿಲ್ದದ ಅವನಿಗೆ ಹೇಳ್ತಾನೆ, ದೇವರನ್ನ ಮರೆತವನ ಭರವಸೆ ಜೇಡನ ಬಲೆ ಇದ್ದಂಗೆ, ಒರಗಿದ್ರೆ ನಿಲ್ಲಲ್ಲ ಅಂತ. ನಿನ್ನ ಮಕ್ಕಳು ಪಾಪ ಮಾಡಿರ್ಬೇಕು ಅಂತ ಬೇರೆ ಸೇರಿಸ್ತಾನೆ. ಹತ್ತು ಮಕ್ಕಳನ್ನ ಒಂದೇ ದಿನ ಕಳ್ಕೊಂಡು ಬೂದೀಲಿ ಕೂತಿರೋನ ಮುಂದೆ ಆಡೋ ಮಾತಾ ಇದು! ಬಿಲ್ದದ ಬಲೆ ಹರಿದಿದ್ದನೇ ಹೊರತು ಕೂತು ನೋಡಿರ್ಲಿಲ್ಲ ಅನ್ಸುತ್ತೆ. ಹೊಟ್ಟೆ ಒಳಗೆ ದ್ರವವಾಗಿರೋದು ಹೊರಗೆ ಬರ್ತಾ ಬರ್ತಾ ಎಳೆ ಆಗುತ್ತೆ, ಒಂದೊಂದು ಕೆಲಸಕ್ಕೆ ಒಂದೊಂದು ಥರದ ನೂಲು, ಅದೇ ತೂಕದ ಉಕ್ಕಿಗಿಂತ ಗಟ್ಟಿ ಇರೋದೂ ಅದ್ರಲ್ಲಿದೆ.

ಹಾಗಂತ "ವಿಜ್ಞಾನಿಗಳಿಗೂ ಗೊತ್ತಿಲ್ಲ, ಅದಕ್ಕೇ ದೇವರಿದ್ದಾನೆ" ಅನ್ನೋ ಪ್ರಸಂಗ ನನಗೆ ಹಿಡಿಸಲ್ಲ. ಬಿರುಗಾಳಿ ಒಳಗಿಂದ ದೇವರು ಯೋಬನಿಗೆ ಹಿಮದ ಭಂಡಾರ ನೋಡಿದ್ಯಾ ಅಂತ ಕೇಳ್ತಾರೆ, ಬೆಟ್ಟದ ಮೇಕೆ ಗಬ್ಬದ ತಿಂಗಳು ಎಣಿಸಿದ್ಯಾ ಅಂತ ಕೇಳ್ತಾರೆ. ಈಗ ನಾವು ಎಣಿಸಿದ್ದೀವಿ, ಸುಮಾರು 5 ತಿಂಗಳು. ಹಿಮದ ಹರಳಿಗೆ ಆರು ಮೂಲೆ ಬರೋದು ನೀರಿನ ಅಣುಗಳು ಕೈ ಹಿಡ್ಕೊಳ್ಳೋ ರೀತಿಯಿಂದ ಅಂತಾನೂ ಗೊತ್ತು. ದೇವರೇನು ಅಷ್ಟು ಚಿಕ್ಕವರಾದ್ರಾ? ನನಗಂತೂ ಇಲ್ಲ. ಮಣ್ಣಲ್ಲಿ 1 ಮಿಲಿಮೀಟರ್ ಉದ್ದದ ಒಂದು ಹುಳ ಇದೆ, ಅದರ ಮೈಯಲ್ಲಿ ಒಟ್ಟು 302 ನರಕೋಶ, ಯಾವುದು ಯಾವುದಕ್ಕೆ ಸೇರುತ್ತೆ ಅನ್ನೋ ನಕ್ಷೆ 1986ರಲ್ಲೇ ಪ್ರಕಟ ಆಯ್ತು, ಆದ್ರೂ ಬರೀ ಆ ನಕ್ಷೆ ಇಟ್ಕೊಂಡು ಹುಳ ಮುಂದೇನ್ ಮಾಡುತ್ತೆ ಅಂತ ಪೂರ್ತಿ ಹೇಳೋಕೆ ಇನ್ನೂ ಆಗಿಲ್ಲ. ನಮ್ಮ ತಲೇಲಿ ಇರೋದು ಹತ್ತಿರ ಹತ್ತಿರ 8,600 ಕೋಟಿ.

ಅಂಥ ಒಂದು ತಲೆ ಮುಂದೆ ಕೂತು, ಅದ್ರೊಳಗಿನ ನೋವು ಯಾಕೆ ಬಂತು ಅಂತ ನಾನು ವಿವರಿಸಿದ್ದೆ. ಹೋದ ವರ್ಷ ಗೆಳತಿಯ ಮಗು ತೀರಿಹೋದಾಗ, "ದೇವರ ಚಿತ್ತ ಕಣೇ, ಇದಕ್ಕೂ ಏನೋ ಉದ್ದೇಶ ಇರುತ್ತೆ" ಅಂದೆ. ಅವಳು ಅಳು ನಿಲ್ಲಿಸಿ "ನಿಂಗ್ಯಾರು ಹೇಳಿದ್ರು?" ಅಂದ್ಲು. ಆಮೇಲೆ ಮಾತಾಡ್ಲಿಲ್ಲ. ನಂಗೆ ಆಗ ಕೋಪಾನೇ ಬಂದಿತ್ತು, ನಿಜ ಹೇಳ್ತೀನಿ.

ಯೋಬನ ಪುಸ್ತಕದಲ್ಲಿ ನಂಗೆ ಬೇಗ ಅರ್ಥ ಆಗದೇ ಇದ್ದದ್ದು ಇದು: 38ರಿಂದ 41ರವರೆಗೆ ದೇವರು ನಕ್ಷತ್ರ, ಮಳೆ, ಉಷ್ಟ್ರಪಕ್ಷಿ, ಕುದುರೆ ಎಲ್ಲದರ ಬಗ್ಗೆ ಮಾತಾಡ್ತಾರೆ, ನಿನಗೆ ಈ ಕಷ್ಟ ಯಾಕೆ ಬಂತು ಅಂತ ಮಾತ್ರ ಒಂದು ಸಲಾನೂ ಹೇಳಲ್ಲ. ಮೊದಲ ಅಧ್ಯಾಯದಲ್ಲಿ ಯೋಬನನ್ನ ಪರೀಕ್ಷಿಸೋ ಬಗ್ಗೆ ದೇವರಿಗೂ ಸೈತಾನನಿಗೂ ನಡೆದ ಮಾತು ಓದೋ ನಮಗೆ ಗೊತ್ತು, ಯೋಬನಿಗೆ ಕೊನೆವರೆಗೂ ಗೊತ್ತಾಗಲ್ಲ. ಆದ್ರೂ ಅವನಿಗೆ ಸಾಕಾಯ್ತು. ಕಾರಣ ಎಲ್ಲಾ ಗೊತ್ತು ಅಂದ್ಕೊಂಡಿದ್ದ ಸ್ನೇಹಿತರ ಮೇಲೆ ದೇವರಿಗೆ ಕೋಪ ಬಂತು, ಅವರಿಗಾಗಿ ಪ್ರಾರ್ಥನೆ ಮಾಡ್ಬೇಕಾದವನು ಯೋಬನೇ ಆದ. ಪಾಪ, ಶುರುವಲ್ಲಿ ಅವರೂ ಸರಿಯಾಗೇ ಇದ್ರು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತಿದ್ರು, ಒಬ್ರೂ ತುಟಿ ಬಿಚ್ಚಿರ್ಲಿಲ್ಲ.

ನಿನ್ನೆ ಅವಳ ಮನೆಗೆ ಹೋದೆ. ಹೇಳ್ಬೇಕು ಅಂತ ದಾರಿಯುದ್ದಕ್ಕೂ ಜೋಡಿಸ್ಕೊಂಡಿದ್ದ ಕ್ಷಮೆಯ ಮಾತು ಬಾಗಿಲಲ್ಲೇ ಮರೆತುಹೋಯ್ತು. ಅವಳು ಮಗುವಿನ ಹೊದಿಕೆಗಳನ್ನ ಹೊರಗೆ ತೆಗೆದು ಮಡಚ್ತಾ ಇದ್ಲು. ಪಕ್ಕದಲ್ಲಿ ಕೂತು ಒಂದರ ಇನ್ನೊಂದು ತುದಿ ಹಿಡ್ಕೊಂಡೆ.