ಚಿಂಚಿಲಾ ಪಂಜರ: ಮೊದಲು ತಂಪು, ಆಮೇಲೆ ಎತ್ತರ

ದಟ್ಟ ತುಪ್ಪಳದ, ಇಲಿ ಅಳಿಲುಗಳಂತೆ ದಂಶಕ ಜಾತಿಗೆ ಸೇರಿದ ಸಣ್ಣ ಪ್ರಾಣಿ ಚಿಂಚಿಲಾವನ್ನು ಸಾಕಬೇಕೆಂದುಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು ಪಂಜರ ಎಷ್ಟು ದೊಡ್ಡದಿರಬೇಕು ಎಂದು. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಪಂಜರವನ್ನು ಮನೆಯ ಯಾವ ಕೋಣೆಯಲ್ಲಿ ಇಡುತ್ತೀರಿ, ವರ್ಷದ ಅತ್ಯಂತ ಬಿಸಿಯ ದಿನದಂದು ಆ ಜಾಗದ ಉಷ್ಣಾಂಶ ಎಷ್ಟಿರುತ್ತದೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಎಷ್ಟೇ ವಿಶಾಲವಾದ, ಎಷ್ಟೇ ದುಬಾರಿಯಾದ ಪಂಜರವಾದರೂ ಸೆಖೆಯ ಕೋಣೆಯಲ್ಲಿದ್ದರೆ ಒಂದೇ ಮಧ್ಯಾಹ್ನದಲ್ಲಿ ಆ ಪ್ರಾಣಿಯ ಜೀವ ತೆಗೆಯಬಲ್ಲದು.

ಇದಕ್ಕೆ ಕಾರಣ ಅದರ ಮೈಯಲ್ಲೇ ಇದೆ. ಸಾಕು ಚಿಂಚಿಲಾಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸಾಲು. ಕಾಡಿನಲ್ಲಿ ಉಳಿದಿರುವ ಉದ್ದ ಬಾಲದ ಚಿಂಚಿಲಾಗಳಿಗಾಗಿ ಚಿಲಿ ದೇಶದ ಇಯಾಪೆಲ್ ಪಟ್ಟಣದ ಬಳಿ 1983ರಲ್ಲಿ ಒಂದು ರಕ್ಷಿತಾರಣ್ಯವನ್ನೇ ಮಾಡಲಾಗಿದೆ. ಅಲ್ಲಿ ಅವು ಒಣ ಬೆಟ್ಟದ ಬಂಡೆಗಳ ಸಂದಿಗಳಲ್ಲಿ ಹಗಲು ಕಳೆದು, ಮುಸ್ಸಂಜೆಯ ನಂತರ ಹೊರಬರುತ್ತವೆ. ನಮ್ಮ ತಲೆಯಲ್ಲಿ ಒಂದು ರಂಧ್ರದಿಂದ ಒಂದೋ ಎರಡೋ ಕೂದಲು ಬಂದರೆ, ಚಿಂಚಿಲಾದ ಚರ್ಮದ ಒಂದು ರಂಧ್ರದಿಂದ ಐವತ್ತಕ್ಕೂ ಹೆಚ್ಚು ಎಳೆಗಳು ಹೊರಡುತ್ತವೆ. ಅದಕ್ಕೆ ಬೆವರುವ ಸಾಮರ್ಥ್ಯವಿಲ್ಲ. ಮೈಯ ಶಾಖವನ್ನು ಹೊರಹಾಕಲು ಅದು ಹೆಚ್ಚಾಗಿ ನೆಚ್ಚಿಕೊಂಡಿರುವುದು ಆ ತೆಳುವಾದ ದೊಡ್ಡ ಕಿವಿಗಳನ್ನು. ಗಣಿ ಎಂಜಿನಿಯರ್ ಮಥಾಯಸ್ ಚಾಪ್‌ಮನ್ 1923ರಲ್ಲಿ ಹನ್ನೊಂದು ಚಿಂಚಿಲಾಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ತಂದಾಗ, ಅವುಗಳನ್ನು ಬೆಟ್ಟದಿಂದ ಹಂತಹಂತವಾಗಿ ಕೆಳಗಿಳಿಸಿ, ದಾರಿಯಲ್ಲಿ ಮಂಜುಗಡ್ಡೆಯಿಂದ ತಂಪು ಮಾಡುತ್ತ ಕಾಪಾಡಬೇಕಾಯಿತು. ಅಮೆರಿಕದ ಸಾಕು ಚಿಂಚಿಲಾಗಳಲ್ಲಿ ಬಹುಪಾಲು ಆ ಹನ್ನೊಂದರ ಸಂತತಿ. ಹೀಗಾಗಿ ಪಂಜರದ ವಿಚಾರದಲ್ಲಿ ತಂಪಿನ ಚಿಂತೆ ಮೊದಲ ದಿನದಿಂದಲೂ ಇದ್ದದ್ದೇ.

ಕೋಣೆಯ ಉಷ್ಣಾಂಶ 15ರಿಂದ 21 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಉತ್ತಮ, 24ರವರೆಗೆ ಸಹಿಸಬಹುದು, 27ರ ಸಮೀಪ ಬಂದರೆ ಅಪಾಯ. ಗಾಳಿಯ ತೇವಾಂಶವೂ ಅಷ್ಟೇ ಮುಖ್ಯ. ಇಲ್ಲಿ ಅಮೆರಿಕದ ಸಾಕಣೆದಾರರು ಒಂದು ಸರಳ ಲೆಕ್ಕ ಹೇಳುತ್ತಾರೆ: ಫ್ಯಾರನ್‌ಹೀಟ್‌ನಲ್ಲಿರುವ ಉಷ್ಣಾಂಶಕ್ಕೆ ತೇವಾಂಶದ ಶೇಕಡಾವಾರು ಅಂಕಿಯನ್ನು ಕೂಡಿಸಿ, ಮೊತ್ತ 150 ದಾಟಲು ಬಿಡಬೇಡಿ. ನಾವಿರುವ ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಒಣ ಊರು. ಒಳಗೆ 70 ಡಿಗ್ರಿ ಫ್ಯಾರನ್‌ಹೀಟ್, ಶೇ. 30 ತೇವಾಂಶ ಇದ್ದರೆ ಮೊತ್ತ ನೂರಕ್ಕೆ ನಿಲ್ಲುತ್ತದೆ. ಮಂಗಳೂರಿನಲ್ಲಿರುವ ನನ್ನ ತಂಗಿಯ ಮಗ ವಿಡಿಯೋ ಕರೆಯಲ್ಲಿ ನಮ್ಮ ಚಿಂಚಿಲಾಗಳನ್ನು ನೋಡಿದಾಗಲೆಲ್ಲ "ದೊಡ್ಡಮ್ಮ, ನಾವೂ ಒಂದು ತರೋಣವಾ?" ಎಂದು ಕೇಳುತ್ತಾನೆ. ಅವನಿಗೂ ಇದೇ ಲೆಕ್ಕ ಮಾಡಿಸಿದೆ. ಮೂವತ್ತು ಡಿಗ್ರಿ ಸೆಲ್ಸಿಯಸ್ ಎಂದರೆ 86 ಫ್ಯಾರನ್‌ಹೀಟ್; ಅದಕ್ಕೆ ಕರಾವಳಿಯ 75ರಷ್ಟು ತೇವಾಂಶ ಸೇರಿದರೆ 161. ಹಗಲಿರುಳೂ ಏಸಿ ಓಡಿಸಿ, ಕರೆಂಟು ಹೋದ ಕೂಡಲೇ ಜನರೇಟರ್ ಹಚ್ಚುವ ವ್ಯವಸ್ಥೆ ಇಲ್ಲದೆ ಅಲ್ಲಿ ಈ ಪ್ರಾಣಿಯನ್ನು ಸಾಕುವುದು ಸರಿಯಲ್ಲವೆಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಫ್ಯಾನ್ ಹಾಕಿದರೆ ಸಾಕೆಂಬ ಭ್ರಮೆಯೂ ಬೇಡ: ಬೆವರದ ಮೈಗೆ ಬೀಸುಗಾಳಿಯಿಂದ ಹೆಚ್ಚೇನೂ ತಂಪಾಗುವುದಿಲ್ಲ.

ನಮ್ಮ ಮನೆಯಲ್ಲಿ ಪಂಜರ ಇರುವುದು ನೆಲಮಾಳಿಗೆಯ ಕೋಣೆಯಲ್ಲಿ. ಬೇಸಿಗೆಯಲ್ಲಿ ಮೇಲಿನ ಮಹಡಿ ಕಾದರೂ ಕೆಳಗೆ ತಂಪು ಉಳಿಯುತ್ತದೆ, ಹಗಲು ಅವು ಮಲಗುವ ಹೊತ್ತಿನಲ್ಲಿ ಓಡಾಟದ ಸದ್ದಿರುವುದಿಲ್ಲ. ಪಂಜರದ ಹಿಂಬದಿ ಮತ್ತು ಒಂದು ಪಕ್ಕ ಗೋಡೆಗೆ ತಾಗಿದಂತಿದ್ದರೆ ಎಲ್ಲ ದಿಕ್ಕಿನಿಂದಲೂ ಯಾರೋ ಬರಬಹುದೆಂಬ ಅಂಜಿಕೆ ಆ ಪ್ರಾಣಿಗೆ ಇರುವುದಿಲ್ಲ. ಕಿಟಕಿಯ ಬಿಸಿಲು, ಚಳಿಗಾಲದ ಹೀಟರಿನ ಗಾಳಿ ಬರುವ ಕಿಂಡಿ, ಅಡುಗೆಮನೆಯ ಹೊಗೆ ಇವು ಮೂರರಿಂದಲೂ ದೂರವಿರಬೇಕು. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಮಾಪಕವನ್ನು ಕೋಣೆಯ ಬಾಗಿಲ ಬಳಿ ಹಾಕದೆ, ಪಂಜರದ ಹೊರಬದಿಗೇ, ಪ್ರಾಣಿ ಮಲಗುವ ಎತ್ತರದಲ್ಲಿ ತೂಗುಹಾಕಿ. ಕಿವಿಗಳು ಕೆಂಪೇರಿದ್ದರೆ ಮಾಪಕ ಏನೇ ತೋರಿಸಲಿ, ಕೋಣೆ ಅವಕ್ಕೆ ಬಿಸಿಯಾಗಿದೆ ಎಂದೇ ತಿಳಿಯಬೇಕು.

ಇನ್ನು ಗಾತ್ರ. ಬೆಳ್ಳಿ ಮತ್ತು ಮುತ್ತು ಎಂಬ ನಮ್ಮ ಎರಡು ಹೆಣ್ಣು ಚಿಂಚಿಲಾಗಳಿಗೆ ಸುಮಾರು 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳ, ಒಂದೂವರೆ ಮೀಟರ್ ಎತ್ತರದ ಕಬ್ಬಿಣದ ಪಂಜರವಿದೆ. ಜೋಡಿಗೆ ಇದಕ್ಕಿಂತ ಚಿಕ್ಕದನ್ನು ನಾನು ಶಿಫಾರಸು ಮಾಡುವುದಿಲ್ಲ. ಸರಳುಗಳ ನಡುವಿನ ಅಂತರ ದೊಡ್ಡವಕ್ಕೆ ಎರಡೂವರೆ ಸೆಂಟಿಮೀಟರ್ ಮೀರಬಾರದು. ಮರಿಗಳಿದ್ದರೆ ಅದರ ಅರ್ಧ. ಚಿಂಚಿಲಾ ಮರಿಗಳು ತುಪ್ಪಳ ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟಿ ಅದೇ ದಿನ ಓಡಾಡುತ್ತವೆ, ತಲೆ ತೂರುವಷ್ಟು ಸಂದಿ ಸಿಕ್ಕರೆ ಹೊರಗೇ ಬಂದುಬಿಡುತ್ತವೆ.

ಪಂಜರದ ಒಳಗಿನ ಹಲಗೆಗಳೇ ಈ ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ. ಅಂಗಡಿಯ ಪಂಜರಗಳ ಜೊತೆಗೆ ಬರುವ ಪ್ಲಾಸ್ಟಿಕ್ ಅಟ್ಟಣೆ, ಪ್ಲಾಸ್ಟಿಕ್ ತಟ್ಟೆ, ತಂತಿಯ ಏಣಿ ಎಲ್ಲವನ್ನೂ ತೆಗೆದುಬಿಡುವುದು ಒಳ್ಳೆಯದು. ಚಿಂಚಿಲಾದ ಎಲ್ಲ ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಆದ್ದರಿಂದ ಕಡಿಯುವುದು ಅದಕ್ಕೆ ಚಟವಲ್ಲ, ಅಗತ್ಯ. ಕಡಿದ ಪ್ಲಾಸ್ಟಿಕ್ ಚೂರು ಹೊಟ್ಟೆ ಸೇರಿದರೆ ಅದನ್ನು ವಾಂತಿ ಮಾಡಿ ಹೊರಹಾಕುವ ಶಕ್ತಿ ಅದಕ್ಕಿಲ್ಲ, ಕರುಳು ಕಟ್ಟಿಕೊಳ್ಳುತ್ತದೆ. ಹಾಗಾಗಿ ಹಲಗೆಗಳು ಮರದವೇ ಆಗಬೇಕು, ಅದೂ ಬಿಸಿಗೂಡಿನಲ್ಲಿ ಒಣಗಿಸಿದ, ಬಣ್ಣ ವಾರ್ನಿಷ್ ಕಾಣದ ಪೈನ್ ಮರ. ಪ್ಲೈವುಡ್‌ನಲ್ಲಿ ಅಂಟು ಇರುತ್ತದೆ, ಸೀಡರ್ ಮರದಲ್ಲಿ ಶ್ವಾಸಕ್ಕೆ ಕೆಡುಕಾದ ಘಾಟಿನ ಎಣ್ಣೆ ಇರುತ್ತದೆ, ಚೆರ್ರಿ ಮತ್ತು ಪ್ಲಮ್ ಜಾತಿಯ ಮರಗಳೂ ಬೇಡ. ಕಡಿಯಲು ಕೊಡುವ ಕಡ್ಡಿಗಳಿಗೆ ಔಷಧಿ ಹೊಡೆಯದ ಸೇಬಿನ ಗಿಡದ ರೆಂಬೆ ಬಲು ಚೆನ್ನ.

ಹಲಗೆ ಕೂರಿಸುವ ವಿಧಾನ ಹೀಗೆ: ಒಂದು ತುದಿಯಲ್ಲಿ ಮರಕ್ಕೆ ಇಳಿಯುವ ಸ್ಕ್ರೂ ಹಲ್ಲು, ಇನ್ನೊಂದು ತುದಿಯಲ್ಲಿ ನಟ್ ಕೂರುವ ಬೋಲ್ಟ್ ಹಲ್ಲು ಇರುವ ಎರಡು ತುಂಡುಗಳನ್ನು ಹಲಗೆಯ ಅಂಚಿಗೆ ತಿರುಗಿಸಿ ಇಳಿಸಿ, ಒಂದು ಅಗಲವಾದ ವಾಷರ್ ತೊಡಿಸಿ, ಬೋಲ್ಟಿನ ತುದಿಯನ್ನು ಸರಳುಗಳ ನಡುವೆ ಹೊರತೂರಿಸಿ, ಹೊರಗಿನಿಂದ ಇನ್ನೊಂದು ವಾಷರ್ ಹಾಕಿ ರೆಕ್ಕೆ ನಟ್‌ನಿಂದ ಬಿಗಿಯಬೇಕು. ಸರಳುಗಳು ಎರಡು ವಾಷರ್‌ಗಳ ನಡುವೆ ಹಿಡಿದುಕೊಂಡಿರುವುದರಿಂದ ಹಲಗೆ ಅಲುಗಾಡುವುದಿಲ್ಲ, ಬೇಕಾದಾಗ ಬರಿಗೈಯಲ್ಲೇ ಬಿಚ್ಚಬಹುದು. ಒಂದು ಹಲಗೆಗೂ ಅದರ ಮುಂದಿನದಕ್ಕೂ ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ಏರು ಸಾಕು, ಮತ್ತು ಅವು ಒಂದರ ಮೇಲೊಂದು ನೇರವಾಗಿರದೆ ಎಡಕ್ಕೂ ಬಲಕ್ಕೂ ಸರಿದಿರಬೇಕು. ಈ ಪ್ರಾಣಿ ಒಂದು ಮೀಟರಿಗೂ ಹೆಚ್ಚು ಎತ್ತರ ಜಿಗಿಯಬಲ್ಲದು ನಿಜ, ಆದರೆ ಅದರ ಕಾಲಿನ ಮೂಳೆಗಳು ಸಣ್ಣಕಡ್ಡಿಯಂಥವು; ಗಾಬರಿಬಿದ್ದು ಕಾಲು ಜಾರಿದರೆ ಮುರಿಯಲು ಹೆಚ್ಚು ಹೊತ್ತು ಬೇಡ. ಪಂಜರ ಎಷ್ಟು ಎತ್ತರವಾದರೂ ಎಲ್ಲಿಂದ ಬಿದ್ದರೂ ಅರ್ಧ ಮೀಟರಿನೊಳಗೆ ಇನ್ನೊಂದು ಹಲಗೆ ಸಿಗುವಂತಿರಬೇಕೆಂಬುದು ನಾನು ಬಿಡದೆ ಪಾಲಿಸುವ ನಿಯಮ. ನಡುಮಟ್ಟದಲ್ಲಿ ಪಂಜರದ ಅಗಲಕ್ಕೂ ಚಾಚಿದ ಒಂದು ಉದ್ದನೆಯ ಹಲಗೆ ಹಾಕಿದರೆ ಈ ಸಮಸ್ಯೆಯ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಬೆಳ್ಳಿ ಹೊಸ ಹಲಗೆ ಬಂದ ರಾತ್ರಿ ಅದರ ಮೇಲೆ ಹಾರುವುದಿಲ್ಲ. ಪಕ್ಕದ ಹಲಗೆಯಲ್ಲಿ ನಿಂತು, ಮುಂಗಾಲುಗಳನ್ನು ಮಾತ್ರ ಚಾಚಿ ಇಟ್ಟು, ಮೀಸೆಯಿಂದ ಅಂಚನ್ನೆಲ್ಲ ಸವರಿ, ಮೂಲೆಯನ್ನು ಒಮ್ಮೆ ಕಚ್ಚಿ ನೋಡಿ ಹಿಂದೆ ಸರಿಯುತ್ತಾಳೆ. ಅನಂತರ ಅದೇ ಮೂಲೆಯನ್ನು ದಿನವೂ ತೇಯುತ್ತ ಹೋಗುತ್ತಾಳೆ. ಕೆಲವು ತಿಂಗಳಲ್ಲಿ ಹಲಗೆಯ ತುದಿ ಅರ್ಧಚಂದ್ರಾಕಾರಕ್ಕೆ ಬಂದಿರುತ್ತದೆ. ಸವೆತ ಬೋಲ್ಟಿನ ಹತ್ತಿರ ಬಂದಾಗ ಬದಲಿಸುತ್ತೇನೆ.

ತಳ ಜಾಲರಿಯದಾಗಿರಬಾರದು. ತಂತಿಯ ಮೇಲೆಯೇ ನಿಂತು ನಿಂತು ಅಂಗಾಲು ಒಡೆದು ಹುಣ್ಣಾಗುತ್ತದೆ, ಓಡುವಾಗ ಕಾಲು ಸಿಕ್ಕಿಕೊಳ್ಳುವ ಭಯವೂ ಇದೆ. ನಾವು ತಳಕ್ಕೆ ಲೋಹದ ತಟ್ಟೆ ಹಾಕಿ, ಅರ್ಧ ಭಾಗಕ್ಕೆ ಒಣಗಿಸಿದ ಪೈನ್ ಮರದ ಹೊಟ್ಟು, ಉಳಿದ ಭಾಗಕ್ಕೆ ಫ್ಲೀಸ್ ಎಂಬ ಉಣ್ಣೆಯಂಥ ಮೃದುವಾದ ಬಟ್ಟೆ ಹಾಸುತ್ತೇವೆ. ಫ್ಲೀಸ್ ಎಂದೇ ಒತ್ತಿ ಹೇಳಲು ಕಾರಣವಿದೆ: ಟವೆಲಿನಂಥ ನೇಯ್ಗೆಯ ಬಟ್ಟೆ ಕಡಿದರೆ ಉದ್ದ ಎಳೆಗಳು ಬಿಟ್ಟುಕೊಂಡು ಬೆರಳಿಗೆ ಸುತ್ತಿಕೊಳ್ಳುತ್ತವೆ, ಹೊಟ್ಟೆಗೂ ಹೋಗುತ್ತವೆ. ಅವು ಹೆಚ್ಚಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುವುದರಿಂದ ಆ ಮೂಲೆಯ ಹೊಟ್ಟನ್ನು ಮಾತ್ರ ದಿನ ಬಿಟ್ಟು ದಿನ ತೆಗೆದು, ವಾರಕ್ಕೊಮ್ಮೆ ಎಲ್ಲವನ್ನೂ ಬದಲಿಸಿದರೆ ವಾಸನೆ ಬರುವುದಿಲ್ಲ. ಹಿಕ್ಕೆಗಳು ಒಣಗಿದ ಕಾಳಿನಂತಿರುತ್ತವೆ, ಗುಡಿಸಿದರೆ ಸಾಕು.

ಒಂದೊಂದಕ್ಕೂ ಒಂದೊಂದು ಮರದ ಗೂಡುಪೆಟ್ಟಿಗೆ ಬೇಕು. ಮೊಳೆ ಹೊಡೆದು ಮಾಡಿದ್ದಾದರೆ ಕಡಿದಂತೆಲ್ಲ ಮೊಳೆ ಹೊರಬರುತ್ತದೆ, ಆದ್ದರಿಂದ ಮರಗೂಟ ಬಡಿದು ಜೋಡಿಸಿದ್ದನ್ನು ಆರಿಸಿ. ಅದರ ಪಕ್ಕದ ಹಲಗೆಯ ಮೇಲೆ ಒಂದು ಗ್ರಾನೈಟ್ ತುಂಡು ಇಟ್ಟಿದ್ದೇವೆ. ಅಡುಗೆಕಟ್ಟೆಯ ಕಲ್ಲು ಕೊಯ್ಯುವ ಅಂಗಡಿಯವರು ಉಳಿದ ಚೂರನ್ನು ಅಂಚು ನುಣ್ಣಗೆ ಮಾಡಿ ಕೊಟ್ಟರು. ಮುತ್ತು ಜುಲೈ ತಿಂಗಳ ಹಗಲುಗಳನ್ನು ಬಹುತೇಕ ಆ ಕಲ್ಲಿನ ಮೇಲೆ ಹೊಟ್ಟೆಯೂರಿ ಕಳೆಯುತ್ತಾಳೆ. ಆದರೂ ಕಲ್ಲು ಏಸಿಗೆ ಬದಲಿಯಲ್ಲ.

ಓಡುವ ಚಕ್ರ ಕಡ್ಡಾಯವಲ್ಲ. ಇಡುವುದಾದರೆ ಕನಿಷ್ಠ 38 ಸೆಂಟಿಮೀಟರ್ ವ್ಯಾಸದ, ಅಡ್ಡಕಡ್ಡಿಗಳಿಲ್ಲದ ಅಖಂಡ ಪಟ್ಟಿಯ ಲೋಹದ ಚಕ್ರವನ್ನೇ ಇಡಿ. ಚಿಕ್ಕ ಚಕ್ರದಲ್ಲಿ ಬೆನ್ನು ಬಾಗುತ್ತದೆ, ಕಡ್ಡಿಗಳ ಚಕ್ರದಲ್ಲಿ ಕಾಲು ಮುರಿಯುತ್ತದೆ. ನೀರಿಗೆ ಗಾಜಿನ ಬಾಟಲಿ, ಒಣಹುಲ್ಲಿಗೆ ಸದಾ ತುಂಬಿರುವ ಗೂಡೆ. ಮೈ ಶುಚಿ ಮಾಡಿಕೊಳ್ಳಲು ಅವು ಹೊರಳಾಡುವ ಧೂಳುಸ್ನಾನದ ಬಟ್ಟಲನ್ನು ಪಂಜರದಲ್ಲೇ ಬಿಡಬಾರದು. ವಾರಕ್ಕೆ ಎರಡು ಮೂರು ಬಾರಿ ಹತ್ತು ಹದಿನೈದು ನಿಮಿಷ ಇಟ್ಟು ತೆಗೆದುಬಿಡಬೇಕು, ಇಲ್ಲವಾದರೆ ಕಣ್ಣು ಉರಿಯುತ್ತದೆ, ಚರ್ಮ ಒಣಗುತ್ತದೆ. ಮರಳು ಈ ಕೆಲಸಕ್ಕೆ ಬಾರದು, ಜ್ವಾಲಾಮುಖಿಯ ಬೂದಿಯಷ್ಟು ನಯವಾದ ಧೂಳೇ ಬೇಕು. ನೀರಿನ ಸ್ನಾನವಂತೂ ಕೂಡದು. ಅಷ್ಟು ದಟ್ಟ ತುಪ್ಪಳ ಒಳಗಿನವರೆಗೆ ಒಣಗುವುದೇ ಇಲ್ಲ, ಶಿಲೀಂಧ್ರ ಹಿಡಿಯುತ್ತದೆ.

ಕೊನೆಯದಾಗಿ, ಬೇಸಿಗೆಯಲ್ಲಿ ವಿದ್ಯುತ್ ಕೈಕೊಟ್ಟ ದಿನಕ್ಕೆ ಸಿದ್ಧತೆ ಬೇಕು. ನಮ್ಮ ಫ್ರೀಜರಿನಲ್ಲಿ ನೀರು ತುಂಬಿದ ಗಾಜಿನ ಜಾಡಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದೇ ಇರುತ್ತವೆ. ಹೆಪ್ಪುಗಟ್ಟುವ ನೀರು ಹಿಗ್ಗುವುದರಿಂದ ಅವನ್ನು ಮುಕ್ಕಾಲು ಮಾತ್ರ ತುಂಬಬೇಕು, ಮೇಲೆ ಫ್ಲೀಸ್ ಚೀಲ ತೊಡಿಸಿ ಪಂಜರದಲ್ಲಿಡಬೇಕು. ಪಂಜರದ ಪಕ್ಕದಲ್ಲೇ ಎರಡೂ ಚಿಂಚಿಲಾಗಳನ್ನು ಹಾಕಿಕೊಂಡು ಹೊರಡಲು ಒಂದು ಲೋಹದ ಸಣ್ಣ ಪಂಜರ, ಮತ್ತು ಚಿಂಚಿಲಾಗಳನ್ನು ನೋಡುವ ಪಶುವೈದ್ಯರ ದೂರವಾಣಿ ಸಂಖ್ಯೆ. ನಾಯಿ ಬೆಕ್ಕು ನೋಡುವ ವೈದ್ಯರೆಲ್ಲರೂ ಇವುಗಳನ್ನು ನೋಡುವುದಿಲ್ಲ, ಆದ್ದರಿಂದ ಅಂಥವರು ಎಲ್ಲಿದ್ದಾರೆಂದು ಚಿಂಚಿಲಾ ಮನೆಗೆ ಬರುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.