ಬೈರಿಗೆ ತಪ್ಪಿದ ಜಾಗ

ಲಂಡನ್ನಿನಿಂದ ಯಾರ್ಕಿಗೆ ರೈಲಿನಲ್ಲಿ ಎರಡು ಗಂಟೆ. ದೊಡ್ಡ ಚರ್ಚು ನೋಡಿ, ಟೀ ಕುಡಿದು, ಸಂಜೆಗೆ ವಾಪಸ್ ಬರೋಣ ಅಂತ ಹೋಗಿದ್ದೆ. ಬೀದಿಯಲ್ಲಿ ಬಂಡಿ ಅಡ್ಡ ಬಂತು. ಮರದ ಗಾಲಿ, ಮೇಲೊಂದು ಅಟ್ಟ, ಏದುಸಿರು ಬಿಡುತ್ತಾ ಎಳೆಯುವ ಜನ. ನಮ್ಮೂರ ತೇರೇ ನೆನಪಾಯಿತು.

ಬೈಬಲ್ ಕಥೆಗಳ ಹಳೇ ಆಟಗಳನ್ನು, ಅಂದರೆ ನಾಟಕಗಳನ್ನು, ಅಲ್ಲಿ ಈಗಲೂ ಕೆಲವು ವರ್ಷಕ್ಕೊಮ್ಮೆ ಇಂಥ ಬಂಡಿಗಳ ಮೇಲೆ ಆಡುತ್ತಾರೆ. 1376ರ ದಾಖಲೆಯಲ್ಲೇ ಈ ಬಂಡಿಗಳ ಮಾತಿದೆ. ಆಗ ಬೆಳಗಿನ ಜಾವ ನಾಲ್ಕೂವರೆಗೆಲ್ಲ ಆಟಗಾರರು ತಯಾರಿರಬೇಕಿತ್ತು. ಒಂದೊಂದು ಆಟ ಒಂದೊಂದು ಕಸುಬಿನವರದ್ದು. ನೋಹನ ನಾವೆ ಹಡಗು ಕಟ್ಟುವವರಿಗೆ, ಯೇಸುವಿನ ಕೊನೆಯ ಊಟ ಬೇಕರಿಯವರಿಗೆ. ಶಿಲುಬೆಗೇರಿಸುವುದು? ಮೊಳೆ ಮಾಡುವವರಿಗೆ! ಇದೇನು ಜಾಹೀರಾತಾ ಅಂತ ನಗು ಬಂತು.

ನಾನು ನೋಡಿದ್ದು ಅದೇ ಆಟ. ಐದೇ ನಿಮಿಷದಲ್ಲಿ ನಗು ನಿಂತಿತು.

ನಾಲ್ವರು ಸೈನಿಕರು. ಯಾರಿಗೂ ಯೇಸುವಿನ ಮೇಲೆ ದ್ವೇಷ ಇಲ್ಲ, ಅವರಿಗೆ ಇದೊಂದು ಕೆಲಸ ಅಷ್ಟೇ. ಮರದಲ್ಲಿ ತೂತು ಮೊದಲೇ ಕೊರೆದಿದೆ, ಅಳತೆ ತಪ್ಪಿದೆ. ಕೈ ಅಲ್ಲಿವರೆಗೆ ಮುಟ್ಟೋದಿಲ್ಲ. "ಯಾರು ಕೊರೆದದ್ದು ಇದನ್ನ?" ಅಂತ ಒಬ್ಬರಿಗೊಬ್ಬರು ರೇಗುತ್ತಾರೆ. ಕೊನೆಗೆ ಹಗ್ಗ ಕಟ್ಟಿ ಕೈ ಎಳೆಯುತ್ತಾರೆ. ಶಿಲುಬೆ ಎತ್ತುವಾಗ ಭುಜ ನೋವು ಅಂತ ಗೊಣಗಾಟ. ನೆಟ್ಟ ಮೇಲೆ ಗುಂಡಿ ದೊಡ್ಡದಾಗಿ ಅಲ್ಲಾಡುತ್ತೆ, ಬೆಣೆ ಬಡೀತಾರೆ. ಮಲಗಿದವನು ಹೆಚ್ಚೂಕಮ್ಮಿ ಮಾತೇ ಆಡೋದಿಲ್ಲ. ಸುತ್ತಿಗೆ ಸದ್ದು ಮಾತ್ರ.

ಪಕ್ಕದಲ್ಲಿ ಟೋಪಿ ಹಾಕಿದ ಅಜ್ಜ ನಿಂತಿದ್ದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರಂತೆ.

"ತೂತು ತಪ್ಪಾದಾಗ ನಾವೂ ಹಾಗೇ ಮಾಡ್ತಿದ್ವಿ," ಅಂದರು.

"ಹಾಗೇ ಅಂದ್ರೆ?"

"ಎಳೆದು ಕೂರಿಸೋದು. ಹೊಸದಾಗಿ ಕೊರೆಯೋಕೆ ಟೈಮ್ ಎಲ್ಲಿರುತ್ತೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರತಿ ಸಲ ಇದೇ ಆಟಕ್ಕೆ ಬರ್ತೀನಿ. ಪ್ರತಿ ಸಲ ಹೊಟ್ಟೆ ಕಿವುಚುತ್ತೆ," ಅಂದರು.

ಲಂಡನ್ನಿನಲ್ಲಿ ಶೇಕ್ಸ್‌ಪಿಯರ್ ನಾಟಕಗಳ ಗ್ಲೋಬ್ ರಂಗಮಂದಿರ ನೋಡುತ್ತೇನೆ ಅಂದೆ. "ನಾಟಕ ಯಾರು ಬೇಕಾದ್ರೂ ನೋಡ್ತಾರೆ, ನೀವು ಮರದ ಕೀಲು ನೋಡಿ," ಅಂದರು. ಲಂಡನ್ನಿನಲ್ಲಿ ನಾಟಕಕ್ಕೇ ಅಂತ ಮನೆ ಕಟ್ಟಿಸಿದ ಜೇಮ್ಸ್ ಬರ್ಬೇಜ್ ಕೂಡ ಬಡಗಿಯೇ, ಆಮೇಲೆ ನಟನಾದವನು ಅಂತ ಹೇಳುವಾಗ ಅಜ್ಜನ ಮುಖದಲ್ಲಿ ಹೆಮ್ಮೆ.

ಲೆಕ್ಕ ಹಾಕಿದರೆ ಮಜಾ ಇದೆ. ಪ್ರೊಟೆಸ್ಟೆಂಟ್ ಆಡಳಿತಕ್ಕೆ ಈ ಕ್ಯಾಥೊಲಿಕ್ ಆಟಗಳು ಹಿಡಿಸಲಿಲ್ಲ. ಯಾರ್ಕಿನಲ್ಲಿ 1569ಕ್ಕೆ ನಿಂತವು. ಏಳೇ ವರ್ಷಕ್ಕೆ, 1576ರಲ್ಲಿ, ಬರ್ಬೇಜನ 'ದಿ ಥಿಯೇಟರ್' ಲಂಡನ್ನಿನ ಶೋರ್ಡಿಚ್‌ನಲ್ಲಿ ಎದ್ದಿತು. ಮೊದಲು ನಾಟಕ ಜನರ ಬಳಿ ಬರುತ್ತಿತ್ತು, ಈಗ ಜನ ಕಾಸು ಕೊಟ್ಟು ಅದರ ಬಳಿ ಹೋಗಬೇಕು. ಜಾಗದ ಮಾಲೀಕನ ಜೊತೆ ಜಗಳ ಆಗಿ, 1598ರ ಚಳಿಗಾಲದಲ್ಲಿ ಬರ್ಬೇಜನ ಮಕ್ಕಳು ಅದರ ಮರವನ್ನೆಲ್ಲ ಕಳಚಿಕೊಂಡು ಹೋದರು. ಅದೇ ಮರದಿಂದ ಮುಂದಿನ ವರ್ಷ ಥೇಮ್ಸ್ ಆಚೆ ಗ್ಲೋಬ್ ಕಟ್ಟಿದರು. 1613ರಲ್ಲಿ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ಹಾರಿ ಅದೂ ಸುಟ್ಟುಹೋಯಿತು. ಈಗಿರುವುದು 1997ರಲ್ಲಿ ತೆರೆದದ್ದು.

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಅಂಗಳದಲ್ಲಿ ನಿಂತು ನೋಡುವ ಟಿಕೆಟ್ ಅಗ್ಗ, ಆದರೆ ಮೇಲೆ ಚಾವಣಿ ಇಲ್ಲ. ಕೊಡೆ ಬಿಡಿಸುವಂತಿಲ್ಲ, ಕೂರುವಂತಿಲ್ಲ. ನಾನೋ, ರೇನ್‌ಕೋಟ್ ರೂಮಲ್ಲಿ ಬಿಟ್ಟು ಕೊಡೆ ಹಿಡಿದು ಹೋಗಿದ್ದೆ. ಮೂರು ಗಂಟೆ ನೆನೆದೆ. ನಾಟಕ ಚೆನ್ನಾಗಿಯೇ ಇತ್ತು, ನಟರೂ ಪಳಗಿದವರೇ. ಆದರೆ ನನಗೆ ಯಾರ್ಕಿನ ಗೊಣಗುವ ಸೈನಿಕರೇ ಜಾಸ್ತಿ ಹಿಡಿಸಿದ್ದು.

ಇಂಟರ್ವಲ್‌ನಲ್ಲಿ ಗ್ಯಾಲರಿ ಕಂಬದ ಹತ್ತಿರ ಸರಿದೆ. ಓಕ್ ಮರಕ್ಕೆ ಮರದ್ದೇ ಬೆಣೆ ಹೊಡೆದಿದ್ದರು. ಬೆರಳಾಡಿಸಿ ನೋಡಿದೆ. ತೂತು ಸರಿಯಾಗಿಯೇ ಇತ್ತು.